ಕೊನೆಯ ಸೀಟಿನವರೆಗೆ

ವೆರ್ಲಿನ್ ಹೊವ್ಲಾಂಡ್ ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವನು. ಉತ್ತರ ಡಕೋಟಾದ ಹಿಮದಲ್ಲಿ, ಎದುರಿನ ಕಂಬ ಕಾಣದಂಥ ಗಾಳಿಯಲ್ಲಿ, ಊರ ಮಕ್ಕಳನ್ನೆಲ್ಲ ಅವರವರ ಮನೆ ಬಾಗಿಲಿಗೆ ಮುಟ್ಟಿಸಿದವನು. ಆ ಕೆಲಸದವರಿಗೆ ಒಂದು ಕಟ್ಟಳೆ ಇದೆ. ದಿನದ ಕೊನೆಯ ಸುತ್ತು ಮುಗಿದ ಮೇಲೆ ಡ್ರೈವರನಾದವನು ಎದ್ದು, ಹಿಂದಿನ ಕೊನೆಯ ಸೀಟಿನವರೆಗೆ ನಡೆದುಹೋಗಿ, ಬಗ್ಗಿ ನೋಡಿ, ಯಾವ ಮಗುವೂ ನಿದ್ದೆಹೋಗಿ ಉಳಿದಿಲ್ಲ ಅಂತ ಖಾತ್ರಿ ಮಾಡಿಕೊಂಡೇ ಇಳಿಯಬೇಕು. ಎಷ್ಟೋ ಜನ ಕೂತಲ್ಲಿಂದಲೇ ಕತ್ತು ಹೊರಳಿಸಿ ಮುಗಿಸುತ್ತಿದ್ದರು. ವೆರ್ಲಿನ್ ಜ್ವರ ಬಂದ ದಿನವೂ ನಡೆದುಹೋಗಿಯೇ ನೋಡಿದ. ಅಂಥ ಮನುಷ್ಯ ಕಟ್ಟಿಕೊಂಡ ಹೆಂಡತಿಯನ್ನು ಪೆಟ್ರೋಲ್ ಬಂಕಿನಲ್ಲಿ ಬಿಟ್ಟುಹೋದ ಅಂದಾಗ ನಮ್ಮಂತೆ ಮನೆಬಸ್ಸಿನಲ್ಲೇ ಊರೂರು ತಿರುಗುವ ಜನರೆಲ್ಲ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಪೂರ್ತಿ ಕೇಳಿದರು. ಕೇಳಿದ ಮೇಲೆ ಯಾರೂ ಆ ಮಾತೆತ್ತಲಿಲ್ಲ.

ನಿವೃತ್ತಿಯಾದ ವರ್ಷ ಅವನೂ ಅವನ ಹೆಂಡತಿ ಆರ್ಡಿತ್‌ಳೂ ಊರಿನ ಮನೆ ಮಾರಿ ಈ ಮನೆಬಸ್ಸು ಕೊಂಡರು. ಮಲಗುವ ಕೋಣೆ, ಒಲೆ, ಬಚ್ಚಲು, ಎಲ್ಲವೂ ಚಕ್ರದ ಮೇಲೆ. ಬೇಸಿಗೆಗೆ ಉತ್ತರ, ಚಳಿಗಾಲಕ್ಕೆ ಅರಿಜೋನಾದ ಮರಳುಗಾಡು, ನಡುವೆ ಕ್ರಿಸ್ಮಸ್ಸಿಗೆ ಟೆಕ್ಸಾಸಿನ ಲಬಕ್‌ನಲ್ಲಿ ಮಗಳು ಕಾರ್ಲಾಳ ಮನೆಯ ಮುಂದೆ ಒಂದಿಷ್ಟು ದಿನ. ಮನೆಯ ಮುಂದೆ ಅಂದೆ, ಒಳಗೆ ಅನ್ನಲಿಲ್ಲ. ನಮ್ಮವರು ಮಕ್ಕಳ ಮನೆಗೆ ಹೋದರೂ ಮಲಗುವುದು ಅಂಗಳದಲ್ಲಿ ನಿಲ್ಲಿಸಿದ ತಮ್ಮ ಬಸ್ಸಿನಲ್ಲೇ. ಮಗಳ ಗ್ಯಾರೇಜಿನಿಂದ ಕರೆಂಟಿಗೊಂದು ವಯರು ಎಳೆದುಕೊಂಡರೆ ಮುಗಿಯಿತು. ಯಾರಿಗೂ ಭಾರವಲ್ಲ, ಯಾರ ಹಂಗಿನಲ್ಲೂ ಇಲ್ಲ ಅಂತ ಹೆಮ್ಮೆ. ಆ ಹೆಮ್ಮೆಯ ವಯರಿಗೆ ಹೀಟರನ್ನೂ ಇಸ್ತ್ರಿಪೆಟ್ಟಿಗೆಯನ್ನೂ ಒಟ್ಟಿಗೆ ಹಾಕಿದರೆ ಮಗಳ ಅರ್ಧ ಮನೆ ಕತ್ತಲಾಗುತ್ತದೆ, ಅದು ಬೇರೆ ಮಾತು.

ಬಸ್ಸು ಕೊಂಡ ದಿನವೇ ಗಂಡ ಹೆಂಡತಿ ಒಂದು ಮಾತು ಮಾಡಿಕೊಂಡಿದ್ದರು. ಯಾವತ್ತಾದರೂ ಇಬ್ಬರಲ್ಲಿ ಒಬ್ಬರು ‘ಸಾಕು’ ಅಂದರೆ ಅಲ್ಲಿಗೆ ಸಾಕು. ವಾದವಿಲ್ಲ, ರಂಪವಿಲ್ಲ. ಬಸ್ಸು ಮಾರಿ ಎಲ್ಲಾದರೂ ಒಂದು ಕಡೆ ನೆಲೆ ನಿಲ್ಲುವುದು. ಆಗ ಇಬ್ಬರೂ ಗಟ್ಟಿಮುಟ್ಟಾಗಿದ್ದರು, ಆ ಮಾತು ನಗುನಗುತ್ತಾ ಆಡಿದ್ದು.

ಕಳೆದೆರಡು ಚಳಿಗಾಲದಿಂದ ಆರ್ಡಿತ್‌ಳ ಸೊಂಟ ಕೈಕೊಟ್ಟಿತ್ತು. ಬಸ್ಸಿನ ಮೂರು ಮೆಟ್ಟಿಲು ಹತ್ತಿ ಒಳಗೆ ಬರುವಷ್ಟರಲ್ಲಿ ಅವಳ ತುಟಿ ಬಿಳಿಚಿಕೊಳ್ಳುತ್ತಿತ್ತು. ಆದರೂ ಅವಳು ಆ ಮಾತು ಆಡಲಿಲ್ಲ. ಅವನ ಕೈಯಿಂದ ಸ್ಟೀರಿಂಗ್ ಕಿತ್ತುಕೊಂಡವಳು ತಾನು ಅನ್ನಿಸಿಕೊಳ್ಳುವುದು ಅವಳಿಗೆ ಬೇಕಿರಲಿಲ್ಲ. ಅವನೇ ಅನ್ನಲಿ ಅಂತ ಕಾದಳು. ವೆರ್ಲಿನ್‌ಗೆ ಅದು ಗೊತ್ತಿತ್ತು. ಗೊತ್ತಿಲ್ಲದವನಂತೆ ಇರುವುದರಲ್ಲಿ ಅವನು ನಿಸ್ಸೀಮ. ಅವನ ಅಪ್ಪ ಕೆಲಸ ಬಿಟ್ಟ ಮೇಲೆ ವೃದ್ಧರ ಆಸ್ಪತ್ರೆಯ ಕಿಟಕಿಯ ಪಕ್ಕ ಒಂದು ಕುರ್ಚಿಯಲ್ಲಿ ಕೂತಿದ್ದ. ಕೂತವನು ಏಳಲೇ ಇಲ್ಲ. ಚಕ್ರ ನಿಂತ ದಿನ ತನ್ನ ಪಾಡೂ ಅದೇ ಅನ್ನುವುದು ವೆರ್ಲಿನ್‌ನ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತ್ತು.

ಈ ಸಲದ ಕ್ರಿಸ್ಮಸ್ಸಿಗೆ ಆರ್ಡಿತ್ ಲೆಫ್ಸೆ ಮಾಡಲೆಂದು ಮಗಳ ಅಡುಗೆಮನೆಗೆ ಹೋದಳು. ಆಲೂಗಡ್ಡೆ ಬೇಯಿಸಿ ನಾದಿ, ತೆಳ್ಳಗೆ ಲಟ್ಟಿಸಿ, ಹೆಂಚಿನ ಮೇಲೆ ಬೇಯಿಸುವ ಆ ರೊಟ್ಟಿ ಅವಳ ನಾರ್ವೆಯ ಅಜ್ಜಿಯದು. ಬಸ್ಸಿನ ಅಂಗೈಯಗಲದ ಕಟ್ಟೆಯ ಮೇಲೆ ಲಟ್ಟಿಸಲಾಗುವುದಿಲ್ಲ. ಹಾಗೆ ಹೋದವಳು ಕೈಯ ಹಿಟ್ಟು ತೊಳೆದುಕೊಂಡ ಮೇಲೂ ಅಲ್ಲೇ ಉಳಿದಳು. ಬೆಳಿಗ್ಗೆ ಹೋದರೆ ಊಟಕ್ಕೂ ಅಲ್ಲೇ, ಸಂಜೆಗೂ ಅಲ್ಲೇ. ವೆರ್ಲಿನ್ ಬಸ್ಸಿನಲ್ಲಿ ಒಬ್ಬನೇ ಕೂತು ನೀರಿನ ಪೈಪು ಹೆಪ್ಪುಗಟ್ಟದಂತೆ ಬಟ್ಟೆ ಸುತ್ತುವುದು, ಸುತ್ತಿದ್ದನ್ನು ಬಿಚ್ಚಿ ಇನ್ನೊಮ್ಮೆ ಸುತ್ತುವುದು ಮಾಡುತ್ತಿದ್ದ.

ಒಂದು ದಿನ ಸ್ಕ್ರೂಡ್ರೈವರು ಕೇಳಲು ಒಳಗೆ ಹೋದವನು ಹಿಂದಿನ ಕೋಣೆಯ ಬಾಗಿಲು ತೆರೆದಿದ್ದು ಕಂಡ. ಹಿಂದೆ ಅಲ್ಲಿ ಅಳಿಯ ಡ್ವೇನ್‌ನ ಮುರುಕಲು ಸಾಮಾನು ತುಂಬಿರುತ್ತಿತ್ತು. ಈಗ ಗೋಡೆಗೆ ಹೊಸ ಬಣ್ಣ, ಕಿಟಕಿಗೆ ಪರದೆ, ಹೊರಗೊಂದು ಪೀಕನ್ ಮರ. ಒಂದು ಮಂಚ. ಮಂಚದ ಮೇಲೆ ಆರ್ಡಿತ್‌ಳ ತಾಯಿ ಹೊಲಿದ ಕೌದಿ. ಆ ಕೌದಿ ಬಸ್ಸಿನ ಅಟ್ಟದ ಪೆಟ್ಟಿಗೆಯಲ್ಲಿದೆ ಅಂತಲೇ ಅವನು ತಿಳಿದಿದ್ದ.

“ಇದ್ಯಾವಾಗ ಇಲ್ಲಿಗೆ ಬಂತು?” ಅಂತ ಹಿಂದೆ ಬಂದು ನಿಂತ ಮಗಳನ್ನು ಕೇಳಿದ.

“ಅಮ್ಮ ಬಿಸಿಲಿಗೆ ಹಾಕೋಣ ಅಂತ ತಂದ್ಳು,” ಅಂದಳು ಕಾರ್ಲಾ.

“ಮಂಚದ ಮೇಲೆ ಬಿಸಿಲು ಬೀಳುತ್ತಾ?”

“ಬೀಳುತ್ತಪ್ಪಾ, ಮಧ್ಯಾಹ್ನದವರೆಗೂ ಬೀಳುತ್ತೆ. ಅಮ್ಮ ದಿನಾ ಇಲ್ಲೇ ಒಂದು ನಿದ್ದೆ ತೆಗೀತಾಳೆ. ಸೊಂಟ ನೋಯದೆ ನಿದ್ದೆ ಬಂತು ಅಂತ ಮೊನ್ನೆ ಕಣ್ಣಲ್ಲಿ ನೀರು ಹಾಕ್ಕೊಂಡ್ಳು. ನಿನಗೆ ಗೊತ್ತಾ ಅದು?”

ಗೊತ್ತಿರಲಿಲ್ಲ. ಅವನು ಮಂಚವನ್ನೇ ನೋಡುತ್ತಿದ್ದ. “ಇದು ಒಬ್ಬರ ಮಂಚ,” ಅಂದ.

ಕಾರ್ಲಾ ಅಂದಳು, “ನೀನು ಬಸ್ಸು ಬಿಟ್ಟು ಬರೋಲ್ಲ ಅಂತ ಗೊತ್ತಲ್ಲ. ನಿನ್ನ ಕಾಯ್ತಾ ಕೂತ್ರೆ ಅವಳಿಗೆ ನಾವು ಏನೂ ಮಾಡೋಕಾಗಲ್ಲ. ಸಿಟ್ಟು ಮಾಡ್ಕೋಬೇಡ. ದೊಡ್ಡ ಮಂಚ ತರೋದು ದೊಡ್ಡ ವಿಷಯ ಅಲ್ಲ. ನೀನು ಬಾಯಿಬಿಟ್ಟು ಒಂದು ಮಾತು ಹೇಳಬೇಕು ಅಷ್ಟೆ.”

ಸಿಟ್ಟಲ್ಲ ಅದು. ಒಳಗೆಲ್ಲೋ ಭರ್ಜಿ ಹಾಕಿ ತಿವಿದಂತಾಯಿತು ಅವನಿಗೆ. ತನ್ನನ್ನು ಬಿಟ್ಟು ಎಲ್ಲರೂ ಲೆಕ್ಕ ಹಾಕಿ ಮುಗಿಸಿದ್ದಾರೆ ಅನ್ನಿಸಿತು. ಆದರೆ ವೆರ್ಲಿನ್‌ನಂಥವರಿಗೆ ನೋವು ಬಾಯಿಗೆ ಬರುವಷ್ಟರಲ್ಲಿ ಹಟವಾಗಿ ಬಂದಿರುತ್ತದೆ. ಸ್ಕ್ರೂಡ್ರೈವರು ಈಸಿಕೊಂಡು ಹೊರಗೆ ನಡೆದ.

ಅಂದು ರಾತ್ರಿ ಊಟಕ್ಕೆ ಎಲ್ಲರೂ ಕೂತಾಗ ಆರ್ಡಿತ್ ರೊಟ್ಟಿಗೆ ಬೆಣ್ಣೆ ಸಕ್ಕರೆ ಸವರಿ, ಸುರುಳಿ ಸುತ್ತಿ ಅವನ ತಟ್ಟೆಗೆ ಇಟ್ಟಳು.

“ವೆರ್ಲಿನ್, ನಾನೊಂದು ಮಾತು ಹೇಳಬೇಕು ಅಂತಿದ್ದೆ,” ಅಂದಳು.

ಎಲ್ಲರ ಕೈಯೂ ತಟ್ಟೆಯಲ್ಲೇ ನಿಂತಿತು. ಅವಳ ಬಾಯಲ್ಲಿ ಆ ಮಾತು ಬರುತ್ತದೆ ಅಂತ ಅವನಿಗೆ ಖಾತ್ರಿಯಾಯಿತು.

“ನಾಳೆ ಬೆಳಿಗ್ಗೇನೇ ಹೊರಡೋದು,” ಅಂದುಬಿಟ್ಟ. “ಬಿರುಗಾಳಿ ಎದ್ದಿದೆಯಂತೆ. ಅದಕ್ಕೆ ಮುಂಚೆ ದಾಟ್ಕೊಂಡುಬಿಡಬೇಕು.”

“ನಾನು ಹೇಳ್ತಿದ್ದದ್ದು...”

“ಅಲ್ಲಿಗೆ ಹೋದ್ಮೇಲೆ ಹೇಳು ಮಾರಾಯ್ತಿ! ಮರಳುಗಾಡಲ್ಲಿ ಮಾತಾಡೋಕೆ ಬೇಕಾದಷ್ಟು ಜಾಗ ಬಿದ್ದಿದೆ.”

ಡ್ವೇನ್ ಅದನ್ನು ತಮಾಷೆ ಅಂದುಕೊಂಡು ನಕ್ಕ. ಆರ್ಡಿತ್ ನಗಲಿಲ್ಲ. ಬೆಣ್ಣೆಯ ಚಾಕುವನ್ನು ಒರೆಸಿ, ಒರೆಸಿದ್ದನ್ನೇ ಮತ್ತೆ ಒರೆಸಿ, ಪಕ್ಕಕ್ಕಿಟ್ಟಳು. ಬೆಳಿಗ್ಗೆ ಅವಳೇ ಕೌದಿ ಮಡಚಿ ಎದೆಗವುಚಿಕೊಂಡು ಮೆಟ್ಟಿಲು ಹತ್ತಿ ಬಂದಳು. ಅದನ್ನು ಕಂಡು ವೆರ್ಲಿನ್‌ಗೆ ಗೆದ್ದ ಖುಷಿಯಾಯಿತು. ಹಾಳಾದ ಖುಷಿ, ಲಬಕ್ ದಾಟುವವರೆಗೂ ಉಳಿಯಲಿಲ್ಲ.

ಹೊರಡುವ ಮುಂಚೆ ಇವರದೊಂದು ಪರಿಪಾಠವಿತ್ತು. ನಮ್ಮಲ್ಲಿ ಎಲ್ಲರಿಗೂ ಒಂದೊಂದು ಥರದ್ದು ಇರುತ್ತದೆ. ಇಲ್ಲದವರು ನೀರಿನ ಪೈಪು ಎಳೆದುಕೊಂಡೇ ಹೆದ್ದಾರಿಗೆ ಹೋಗುತ್ತಾರೆ. ಇವರದು ಕೂಗುಪಾಠ. ಸ್ಟೀರಿಂಗಿನ ಮುಂದೆ ಕೂತು ಅವನು ಕೂಗಬೇಕು, ಒಳಗಿನಿಂದ ಅವಳು ನೋಡಿ ಉತ್ತರ ಕೊಡಬೇಕು. “ಆಂಟೆನಾ?” “ಇಳಿದಿದೆ.” “ಪೈಪು?” “ಒಳಗಿದೆ.” “ಗ್ಯಾಸು?” “ಬಂದ್.” “ಮೆಟ್ಟಿಲು?” “ಮಡಚಿದೆ.” ಕೊನೆಗೆ ಅವನು ಶಾಲೆಯ ಮಕ್ಕಳ ಹೆಸರು ಕೂಗಿದ ಹಾಗೆ “ಆರ್ಡಿತ್?” ಅಂತ ರಾಗ ಎಳೆಯುತ್ತಿದ್ದ. ಅವಳು ಪಕ್ಕದ ಸೀಟಿಗೆ ಬಂದು ಧೊಪ್ಪನೆ ಕೂತು, “ಹಾಜರ್, ಡ್ರೈವರ್ ಸಾಹೇಬ್ರೇ!” ಅನ್ನುತ್ತಿದ್ದಳು. ಇಷ್ಟು ವರ್ಷದಲ್ಲಿ ಅದು ತಪ್ಪಿರಲಿಲ್ಲ.

ಅವತ್ತು ತಪ್ಪಿತು. ಅವಳು ಮಗಳನ್ನು ತಬ್ಬಿಕೊಂಡು ಬಂದವಳೇ ಹಿಂದಿನ ಮಲಗುವ ಕೋಣೆಗೆ ಹೋಗಿ ಜಾರುಬಾಗಿಲು ಎಳೆದುಕೊಂಡಳು. ಅವನು ಕೂಗಿದ್ದಕ್ಕೆ ಉತ್ತರ ಬರಲಿಲ್ಲ. ಇಳಿದು ಹತ್ತಿ ತಾನೇ ಎಲ್ಲವನ್ನೂ ನೋಡಿ, ಪ್ರಶ್ನೆಯನ್ನೂ ಉತ್ತರವನ್ನೂ ತಾನೇ ಹೇಳಿಕೊಂಡು ಬಸ್ಸು ಬಿಟ್ಟ. ಮುಖ ಊದಿಸಿಕೊಂಡರೆ ಊದಿಸಿಕೊಳ್ಳಲಿ, ಎಷ್ಟು ಹೊತ್ತು ಅಂತ ಊದಿಸಿಕೊಂಡಾಳು ಅಂದುಕೊಂಡ.

ನ್ಯೂ ಮೆಕ್ಸಿಕೋದ ಬಟಾಬಯಲಿನಲ್ಲಿ, ಹೆದ್ದಾರಿಯ ಪಕ್ಕದ ಒಂದು ಬಂಕಿನಲ್ಲಿ ಡೀಸೆಲ್ ಹಾಕಿಸಲು ನಿಲ್ಲಿಸಿದ. ಗಾಳಿ ಎದ್ದಿತ್ತು, ಮರಳು ಹಾರಿ ಕಣ್ಣು ಬಿಡಲಾಗುತ್ತಿರಲಿಲ್ಲ. ಡೀಸೆಲಿನ ಬಾಯಿ ಬಸ್ಸಿನ ಎಡಕ್ಕೆ, ಹತ್ತಿಳಿಯುವ ಬಾಗಿಲು ಬಲಕ್ಕೆ. ಅವನು ಎಡಗಡೆ ಟೋಪಿ ಒತ್ತಿಕೊಂಡು ನಿಂತಿದ್ದಾಗ ಆರ್ಡಿತ್ ಕೋಣೆಯ ಜಾರುಬಾಗಿಲು ಎಳೆದು, ಬಲಗಡೆಯಿಂದ ಇಳಿದು ಬಂಕಿನ ಅಂಗಡಿಯೊಳಗಿನ ಶೌಚಾಲಯಕ್ಕೆ ಹೋದಳು. ಬಸ್ಸಿನಲ್ಲೇ ಶೌಚಾಲಯ ಇದೆಯಲ್ಲ ಅಂದರೆ, ಅದರ ಇಕ್ಕಟ್ಟಿನಲ್ಲಿ ಸೊಂಟ ಬಗ್ಗಿಸುವುದು ಅವಳಿಗೆ ಆಗುತ್ತಿರಲಿಲ್ಲ. ಅದನ್ನೂ ಅವಳು ಗಂಡನಿಗೆ ಹೇಳಿರಲಿಲ್ಲ. ಎರಡು ನಿಮಿಷದ ಕೆಲಸ ಅಂತ ಕೋಟು ಹಾಕಿಕೊಳ್ಳಲಿಲ್ಲ, ಫೋನು ತೆಗೆದುಕೊಳ್ಳಲಿಲ್ಲ. ಇಬ್ಬರಿಗೂ ಇದ್ದದ್ದು ಅದೊಂದೇ ಫೋನು.

ವೆರ್ಲಿನ್ ಕೈ ಉಜ್ಜಿಕೊಳ್ಳುತ್ತಾ ಒಳಗೆ ಬಂದ. ಹಿಂದಿನ ಜಾರುಬಾಗಿಲು ಮುಚ್ಚಿದಂತೆಯೇ ಇತ್ತು.

“ಆಂಟೆನಾ? ಇಳಿದಿದೆ,” ಅಂದ ತನಗೆ ತಾನೇ. “ಮೆಟ್ಟಿಲು? ಮಡಚಿದೆ.” ಆಮೇಲೆ ಗಂಟಲೇರಿಸಿ, “ಆರ್ಡಿತ್?”

ಬಾಗಿಲು ಮಾತಾಡಲಿಲ್ಲ.

“ಹಾಜರ್, ಡ್ರೈವರ್ ಸಾಹೇಬ್ರೇ,” ಅಂತ ಹೆಂಗಸಿನ ದನಿ ಮಾಡಿ ತಾನೇ ಅಣಕಿಸಿ, ಬಸ್ಸು ಮುಂದಕ್ಕೆ ಬಿಟ್ಟ. ಎದ್ದು ಹನ್ನೆರಡು ಹೆಜ್ಜೆ ನಡೆದು ನೋಡಲಿಲ್ಲ. ಮೂವತ್ತು ವರ್ಷ ಪರರ ಮಕ್ಕಳಿಗಾಗಿ ನಡೆದವನು ಅವತ್ತು ನಡೆಯಲಿಲ್ಲ. ಬಲಗಡೆಯ ಕನ್ನಡಿಯನ್ನೂ ನೋಡಲಿಲ್ಲ. ಬಸ್ಸು ನಿಲ್ಲಿಸುವಾಗ ಅವಳು ಹಿಂದೆ ನಿಂತು ಕೈಸನ್ನೆ ಮಾಡುವುದು ಬಲಗಡೆಯ ಕನ್ನಡಿಯಲ್ಲಿ. ಅದು ಅವಳ ಕನ್ನಡಿ. ಸಿಟ್ಟಿನಲ್ಲಿ ಅದರ ಕಡೆ ಕಣ್ಣೂ ಹಾಯಿಸದೆ ಹೆದ್ದಾರಿಗೆ ಏರಿದ.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂದಿನ ಕೋಣೆಯಲ್ಲಿ ಫೋನು ಬಡಿದುಕೊಂಡಿತು. ನಿಂತಿತು. ಮತ್ತೆ ಬಡಿದುಕೊಂಡಿತು.

“ಎತ್ತೇ!” ಅಂತ ಕೂಗಿದ. “ನಿನ್ನ ಮಗಳೇ ಇರಬೇಕು. ಅಪ್ಪ ಎಂಥಾ ಕಟುಕ ಅಂತ ಇಬ್ಬರೂ ಸೇರಿ ಹೇಳ್ಕೊಳ್ಳಿ.”

ಮತ್ತೆ ಬಡಿದುಕೊಂಡಿತು. ಎತ್ತದೆ ಹಟ ಹಿಡಿದಿದ್ದಾಳೆ, ಮಗಳ ಮೇಲೂ ಸಿಟ್ಟು ಅಂದರೆ ಜೋರೇ ಇದೆ ಅಂದುಕೊಂಡ. ಬಹಳ ಸಲ ಬಡಿದುಕೊಂಡ ಮೇಲೆ ಅದು ಸುಮ್ಮನಾಯಿತು.

ಅಲ್ಬುಕರ್ಕ್ ಪಟ್ಟಣ ಹಿಂದೆ ಸರಿಯಿತು. ಗಾಳಿ ಇನ್ನೂ ಬಿರುಸಾಯಿತು. ನಮ್ಮ ಬಸ್ಸುಗಳಿಗೆ ಅಡ್ಡಗಾಳಿ ಅಂದರೆ ಯಮ. ಅಗಲ ಗೋಡೆಗೆ ಹೊಡೆದು ಗಾಡಿಯನ್ನೇ ಪಕ್ಕದ ಸಾಲಿಗೆ ತಳ್ಳುತ್ತದೆ. ದೊಡ್ಡ ಲಾರಿಯೊಂದು ಭರ್ರನೆ ದಾಟಿದಾಗ ಬಸ್ಸು ಓಲಾಡಿ ರಸ್ತೆಯ ಅಂಚಿನ ಜಲ್ಲಿಗೆ ಇಳಿಯಿತು. ವೆರ್ಲಿನ್ ಎರಡೂ ಕೈಯಲ್ಲಿ ಎಳೆದು ಮೇಲಕ್ಕೆ ತಂದ. ತಂದ ಮೇಲೂ ಕೈ ನಡುಗುವುದು ನಿಲ್ಲಲಿಲ್ಲ. ಇದು ಮೊದಲ ಸಲವಲ್ಲ.

“ಹೆದರಿಕೆ ಆಯ್ತಾ?” ಅಂತ ಹಿಂದಕ್ಕೆ ಕೂಗಿದ. “ಮಾತಾಡಬೇಡ ಹೋಗ್ಲಿ. ನನಗಂತೂ ಆಯ್ತು.”

ಆ ಮಾತು ಹೊರಗೆ ಬಿದ್ದದ್ದು ಅವನಿಗೇ ಆಶ್ಚರ್ಯ. ಅವಳ ಮುಖ ಎದುರಿಗೆ ಇದ್ದಿದ್ದರೆ ಸತ್ತರೂ ಬರುತ್ತಿರಲಿಲ್ಲ. ಮುಚ್ಚಿದ ಬಾಗಿಲಾದ್ದರಿಂದ ಬಂತು, ಬಂದ ಮೇಲೆ ನಿಲ್ಲಲಿಲ್ಲ.

“ಹೋದ ವರ್ಷದಿಂದ ಆಗುತ್ತೆ ಕಣೇ. ಗಾಳಿ ಬಂದ್ರೆ ಕೈ ಹಿಂಗೇ ಆಗುತ್ತೆ. ಸಂಜೆ ಆದ್ರೆ ಎದುರು ಬರೋ ದೀಪ ಎರಡೆರಡು ಕಾಣುತ್ತೆ. ಡಾಕ್ಟ್ರಿಗೂ ಹೇಳಿಲ್ಲ, ನಿನಗೂ ಹೇಳಿಲ್ಲ. ಹೇಳಿದ್ರೆ ಕೀಲಿ ಕಸ್ಕೊಳ್ತೀರಿ ಅಂತ. ನಮ್ಮಪ್ಪನ ಆ ಕುರ್ಚಿ ನಿನಗೆ ಗೊತ್ತಲ್ಲ. ದಿನಾ ಕನಸಲ್ಲಿ ಬರುತ್ತೆ ಅದು.” ಅವನು ಮೂಗು ಒರೆಸಿಕೊಂಡ. “ನೀನು ಆ ಕೋಣೇಲಿ ಕಣ್ಣೀರು ಹಾಕಿದೆ ಅಂತ ಕಾರ್ಲಾ ಹೇಳಿದ್ಳು. ನೋವಿಲ್ಲದೆ ನಿದ್ದೆ ಬಂತು ಅಂತ. ಅಲ್ವೇ, ನನ್ನ ಪಕ್ಕದಲ್ಲಿ ಮಲಗಿ ಎರಡು ವರ್ಷ ನೋವು ತಿಂದ್ಯಲ್ಲೇ. ನಾನು ಗೊರಕೆ ಹೊಡೀತಿದ್ದೆ. ನಾನೆಂಥಾ ಗಂಡಸು?”

ಗಾಳಿ ಬಸ್ಸಿನ ಗೋಡೆಗೆ ಹೊಡೆಯುತ್ತಲೇ ಇತ್ತು.

“ನೀನು ನಿನ್ನೆ ಹೇಳೋಕೆ ಬಂದಿದ್ದು ಏನು ಅಂತ ನನಗೆ ಗೊತ್ತಿತ್ತು. ಬಾಯಿ ಮುಚ್ಚಿಸಿದೆ. ನೀನು ಯಾಕೆ ಹೇಳಬೇಕು? ನಾನೇ ಹೇಳ್ತೀನಿ. ಸಾಕು.” ಮತ್ತೆ ಗಟ್ಟಿಯಾಗಿ, ಅವಳಿಗೆ ಕೇಳಿಸಲೇಬೇಕು ಅಂತ ಕೂಗಿದ, “ಕೇಳಿಸ್ತಾ? ಸಾಕು ಅಂದೆ! ಇದನ್ನ ಮಾರಿಬಿಡೋಣ. ಕಾರ್ಲಾಗೆ ದೊಡ್ಡ ಮಂಚ ತರೋಕೆ ಹೇಳು. ಆ ಹಾಳು ಮರ ನೋಡ್ಕೊಂಡು ಕೂತಿರೋಣ.”

ಹೇಳಿದ ಮೇಲೆ ಎದೆ ಹಗುರವಾಯಿತು. ಇಷ್ಟೇನಾ ಇದು, ಇಷ್ಟಕ್ಕೆ ಎರಡು ವರ್ಷ ಬೇಕಾಯಿತಾ ಅನ್ನಿಸಿತು. ಒಳಗಿನಿಂದ ಸದ್ದಿಲ್ಲ. ಅಳುತ್ತಿದ್ದಾಳೆ, ಅವಳ ಅಳುವಿಗೆ ಸದ್ದಿರುವುದಿಲ್ಲ ಅಂದುಕೊಂಡ. ನಗು ಬಂತು ಅವನಿಗೆ. ಗಾಡಿ ನಿಲ್ಲಿಸಲು ಮುಂದೆ ಜಾಗ ಕಂಡಿತು, ನಿಲ್ಲಿಸಿದ. ಹೋಗಿ ಬಾಗಿಲು ಸರಿಸಬೇಕು, ‘ಏನೇ ಮುದುಕಿ, ಗೆದ್ದೆಯಲ್ಲ’ ಅನ್ನಬೇಕು, ಅವಳ ಕೈಯಿಂದ ಒಂದು ಏಟು ತಿನ್ನಬೇಕು ಅಂತ ಎದ್ದು ಹಿಂದಕ್ಕೆ ನಡೆದ.

ಬಾಗಿಲು ಸರಿಸಿದ. ಹಾಸಿಗೆಯ ಮೇಲೆ ಕೌದಿ ಗುಪ್ಪೆಯಾಗಿತ್ತು. “ಏನೇ ಮುದುಕಿ,” ಅಂತ ಮೇಲೆ ಕೈಯಿಟ್ಟ. ಕೈ ಹಾಸಿಗೆಯವರೆಗೂ ಇಳಿಯಿತು.

ಶೌಚಾಲಯದ ಬಾಗಿಲು ತೆಗೆದು ನೋಡಿದ. ಬಟ್ಟೆಯ ಕಪಾಟು ತೆಗೆದು ನೋಡಿದ. ಕಪಾಟಿನಲ್ಲಿ ಮನುಷ್ಯರು ಇರುತ್ತಾರೇನು, ಆದರೂ ನೋಡಿದ. ಅವಳ ದಪ್ಪ ಕೋಟು ಗೂಟದಲ್ಲೇ ನೇತಾಡುತ್ತಿತ್ತು. ದಿಂಬಿನ ಪಕ್ಕ ಫೋನು, ಅದರ ಮುಖದ ತುಂಬ ಒಂದೇ ಒಂದು ಗೊತ್ತಿಲ್ಲದ ನಂಬರು, ಮತ್ತೆ ಮತ್ತೆ ಅದೇ ನಂಬರು. ಹಾಸಿಗೆಯ ಮೇಲೇ ಕೂತ.

ಆ ನಂಬರಿಗೆ ಒತ್ತಿದ. ಒಬ್ಬ ಹೆಂಗಸು ಎತ್ತಿದಳು. ಬಂಕಿನ ಅಂಗಡಿಯವಳು, ಯೊಲಾಂಡಾ ಅಂತ.

“ಓ, ನೀವಾ ಅದು?” ಅಂದಳು. “ಇದ್ದಾರೆ. ಬಿಸಿ ಸೂಪು ಕೊಟ್ಟಿದ್ದೀನಿ, ನಮ್ಮ ಯಜಮಾನರ ಜಾಕೆಟ್ಟು ಹೊದಿಸಿದ್ದೀನಿ. ಇರಿ, ಕೊಡ್ತೀನಿ.” ಆಚೆ ಏನೋ ಗುಸುಗುಸು ಕೇಳಿತು. ಮತ್ತೆ ಅವಳೇ ಬಂದಳು. “ಈಗ ಬೇಡವಂತೆ. ಗಾಳಿ ಜೋರಿದೆ, ನಿಧಾನವಾಗಿ ಬರಬೇಕಂತೆ.”

ಅವನಿಗೆ ಆಗ ಅಳು ಬಂತು. ಬೈದಿದ್ದರೆ ಬರುತ್ತಿರಲಿಲ್ಲವೇನೋ.

ವಾಪಸ್ಸಿನ ದಾರಿ ಹೇಗೆ ಕಳೆಯಿತು ಅಂತ ಅವನಿಗೆ ನೆನಪಿಲ್ಲ. ಬಂಕು ತಲುಪಿದಾಗ ಸೂರ್ಯ ಮುಳುಗುತ್ತಿದ್ದ. ಅಂಗಡಿಯ ಮುಂದೆ ಕಾರ್ಲಾಳ ಕೆಂಪು ಪಿಕಪ್ಪು ನಿಂತಿತ್ತು. ಅಮ್ಮನ ಫೋನು ಬಂದದ್ದೇ ಲಬಕ್‌ನಿಂದ ಒಂದೇ ಉಸಿರಿಗೆ ಬಂದಿದ್ದಳು. ಅಪ್ಪನನ್ನು ಕಂಡವಳೇ ಸಿಡಿದಳು.

“ನಾಯಿಮರೀನ ಬಿಟ್ಟುಹೋದ್ರೂ ಹತ್ತು ಮೈಲಿಗೆ ಗೊತ್ತಾಗುತ್ತಲ್ಲಪ್ಪಾ! ಈ ಗಾಳೀಲಿ, ಬರೀ ಸ್ವೆಟರಲ್ಲಿ! ಒಳಗೆ ಬನ್ನಿ ಅಂದ್ರೂ ಬರಲಿಲ್ವಂತೆ. ಈ ಅಂಗಡಿಯವರೇ ಕೈಹಿಡಿದು ಎಳ್ಕೊಂಡು ಬಂದ್ರಂತೆ.”

“ಕಾರ್ಲಾ, ಸುಮ್ನಿರು,” ಅಂತ ಒಳಗಿನಿಂದ ಆರ್ಡಿತ್‌ಳ ದನಿ ಬಂತು.

ಕಾಫಿ ಯಂತ್ರದ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ, ಯಾರದೋ ಗಂಡಸಿನ ಜಾಕೆಟ್ಟಿನೊಳಗೆ ಅವಳು ಕುಗ್ಗಿ ಕೂತಿದ್ದಳು. ಮುಖದ ಮೇಲೆಲ್ಲ ಮರಳು, ಕೂದಲಲ್ಲಿ ಮರಳು. ವೆರ್ಲಿನ್ ಅವಳ ಮುಂದೆ ಟೋಪಿ ಕೈಯಲ್ಲಿ ಹಿಡಿದು ನಿಂತ.

“ಒಳಗೆ ಬಂದು ಕೂರಬಾರದಿತ್ತೇನೇ?” ಅಂದ. ಇನ್ನೇನು ಹೇಳಬೇಕೋ ತೋಚಲಿಲ್ಲ.

“ನಾನು ಆಚೆ ಬಂದಾಗ ನೀನು ಇನ್ನೂ ತಿರುವಲ್ಲೇ ಇದ್ದೆ,” ಅಂದಳು ಅವಳು. ದನಿ ಬಿದ್ದುಹೋಗಿತ್ತು. “ಓಡಿ ಬಂದೆ. ಓಡೋಕೆ ಎಲ್ಲಿ ಆಗುತ್ತೆ ನನಗೆ. ರೋಡಿನ ಮಧ್ಯ ನಿಂತು ಕೈ ಎರಡೂ ತಲೆ ಮೇಲೆ ಅಡ್ಡ ಹಿಡಿದೆ, ನಿಲ್ಸೋಕೆ ಹೇಳೋವಾಗ ಹಿಡೀತೀನಲ್ಲ, ಹಾಗೆ. ಇಷ್ಟು ವರ್ಷ ಯಾವತ್ತು ಹಿಡಿದ್ರೂ ನಿಲ್ಸಿದ್ದೀಯ. ಬಲಗನ್ನಡಿ ನೋಡ್ತಾನೆ, ಈಗ ನೋಡ್ತಾನೆ ಅಂತ ಹಿಡ್ಕೊಂಡೇ ನಿಂತಿದ್ದೆ. ಒಳಗೆ ಹೋದ್ರೆ ನೀನು ವಾಪಸ್ ಬಂದಾಗ ಕಾಣಲ್ವಲ್ಲ ಅಂತ ಅಲ್ಲೇ ನಿಂತೆ.”

“ಫೋನು ನೀನಾ ಮಾಡಿದ್ದು?”

“ಈ ಮಹಾತಾಯಿ ತನ್ನ ಫೋನು ಆಚೆಗೇ ತಂದುಕೊಟ್ಟಳು. ನಮ್ಮ ಫೋನಿಗೆ ನಾನೇ ಮಾಡಿದೆ. ನಿನಗೆ ಕೇಳಿಸಲಿ ಅಂತ.”

ಕೇಳಿಸಿತ್ತು. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಅವನಿಗಾಗಲಿಲ್ಲ. ಅವಳ ಕಾಲಿನ ಹತ್ತಿರ ಕಷ್ಟಪಟ್ಟು ಮಂಡಿಯೂರಿದ.

“ಆರ್ಡಿತ್, ನಾನು ಸಾಕು ಅಂದೆ,” ಅಂದ. “ದಾರೀಲಿ. ನಿನ್ನಾಣೆ. ಅಲ್ಬುಕರ್ಕ್ ದಾಟಿದ ಮೇಲೆ, ಗಟ್ಟಿಯಾಗಿ ಅಂದೆ. ಬಸ್ಸು ಮಾರೋಣ ಅಂದೆ. ದೊಡ್ಡ ಮಂಚ ಅಂದೆ.”

“ಯಾರಿಗೆ ಅಂದೆ?”

“ನಿನಗೆ. ನೀನು ಒಳಗಿದ್ದೀಯ ಅಂತ.”

“ನಾನಿಲ್ಲಿದ್ದೆ, ವೆರ್ಲಿನ್.”

ಕಾರ್ಲಾ ಮುಖ ತಿರುಗಿಸಿಕೊಂಡಳು. ಯೊಲಾಂಡಾ ಒರೆಸಿದ ಕಟ್ಟೆಯನ್ನೇ ಒರೆಸುತ್ತಿದ್ದಳು. ಆರ್ಡಿತ್ ಕೈಚಾಚಿ ಗಂಡನ ಕೆನ್ನೆಯ ಮೇಲಿನ ಒದ್ದೆಯನ್ನು ಹೆಬ್ಬೆರಳಿನಿಂದ ಒರೆಸಿದಳು. ಆ ಬೆರಳು ಇನ್ನೂ ತಣ್ಣಗೆ ಕೊರೆಯುತ್ತಿತ್ತು.

“ಅಂದಿರ್ತೀಯ,” ಅಂದಳು. “ನೀನು ಸುಳ್ಳಾಡೋನಲ್ಲ, ನನಗೆ ಗೊತ್ತು. ಆದ್ರೆ ಆ ಮಾತಿಗೆ ಎರಡು ವರ್ಷ ಕಾದೆ ಕಣೋ ನಾನು. ನೀನಾಗೇ ಹೇಳ್ತೀಯ, ಅದನ್ನ ಕಿವಿಯಾರೆ ಕೇಳ್ತೀನಿ ಅಂತ. ಅದು ಬಂದಾಗ ನಾನು ರೋಡಲ್ಲಿ ನಿಂತಿದ್ದೆ.”

“ಈಗ ಹೇಳ್ತೀನಲ್ಲ. ಸಾಕು. ಇಗೋ, ಸಾಕು.”

“ಈಗ ನೀನು ಏನು ಹೇಳಿದ್ರೂ ನನಗೆ ಅದು ಹೆದರಿ ಹೇಳಿದ ಹಾಗೇ ಕೇಳಿಸುತ್ತೆ,” ಅಂದಳು ಅವಳು. “ನಾನೂ ಸಾಕು ಅಂದುಬಿಟ್ಟೆ, ಅಲ್ಲಿ ನಿಂತ್ಕೊಂಡು. ಬಸ್ಸಿಗೆ ಅಲ್ಲ. ಬಸ್ಸು ಪಾಪ ಏನು ಮಾಡ್ತು? ಕಾಯೋದಕ್ಕೆ ಸಾಕು ಅಂದೆ. ಇನ್ನು ಕಾಯೋಕಾಗಲ್ಲ ನನ್ನ ಕೈಲಿ.”

“ನಿಮ್ಮ ಹಿಂದೇನೇ ಬರ್ತೀನಿ. ಬಸ್ಸು ತಿರುಗಿಸ್ತೀನಿ.”

“ಬೇಡ. ಕತ್ತಲಾಯ್ತು, ಗಾಳಿ ಬೇರೆ. ಇಲ್ಲೇ ಮಲಗಿ ಬೆಳಿಗ್ಗೆ ನಿನ್ನ ಮರಳುಗಾಡಿಗೆ ಹೋಗು. ನಿನ್ನ ಚಳಿಗಾಲ ನೀನು ಮುಗಿಸು.” ಜಾಕೆಟ್ಟನ್ನು ಬಿಗಿಯಾಗಿ ಎಳೆದುಕೊಂಡು ಅಂದಳು, “ಆಮೇಲೆ ನೋಡೋಣ. ಈಗ ನಾನು ಆ ಸಣ್ಣ ಮಂಚದಲ್ಲಿ ಒಬ್ಬಳೇ ಮಲಗಬೇಕು ಅನ್ಸುತ್ತೆ. ಕೌದಿ ತಂದುಕೊಡು.”

ಅವನು ಹೋಗಿ ಕೌದಿ ತಂದ. ಕೋಟು ತಂದ, ಔಷಧಿಯ ಡಬ್ಬ ತಂದ, ಫೋನು ತಂದ. ಏನು ತಂದರೆ ಅವಳು ಮನಸ್ಸು ಬದಲಾಯಿಸಿಯಾಳು ಅಂತ ಇನ್ನೂ ಎರಡು ಸಲ ಬಸ್ಸಿಗೆ ಹತ್ತಿ ಇಳಿದ. ಕಾರ್ಲಾ ಎಲ್ಲವನ್ನೂ ಈಸಿಕೊಂಡಳು. “ಊಟ ಮಾಡಪ್ಪಾ, ಖಾಲಿ ಹೊಟ್ಟೇಲಿ ಮಲಗಬೇಡ,” ಅಂದಳು ಕೊನೆಗೆ, ಅವಳ ಸಿಟ್ಟೂ ಇಳಿದುಹೋಗಿತ್ತು. ಪಿಕಪ್ಪಿನ ಸೀಟು ಎತ್ತರ. ಆರ್ಡಿತ್‌ಳನ್ನು ಹತ್ತಿಸಲು ಅವನು ಸೊಂಟಕ್ಕೆ ಕೈಕೊಟ್ಟ. ಎಷ್ಟು ಹಗುರವಾಗಿದ್ದಾಳೆ ಅನ್ನುವುದು ಅವನಿಗೆ ಆಗಲೇ ತಿಳಿದದ್ದು. ಅವಳು ಕೌದಿ ಮಡಿಲಿಗೆಳೆದುಕೊಂಡು ಕಣ್ಣು ಮುಚ್ಚಿದಳು. ಪಿಕಪ್ಪು ಪೂರ್ವಕ್ಕೆ ಹೋಯಿತು.

ಬಂಕಿನ ಮುಂದೆ ರಾತ್ರಿ ನಿಲ್ಲಿಸುವ ಹಾಗಿರಲಿಲ್ಲ. ಪಕ್ಕದ ಲಾರಿಗಳ ಬಯಲಿಗೆ ಹಾಕಿಕೊಳ್ಳಿ ಅಂತ ಯೊಲಾಂಡಾ ಮೆಲ್ಲಗೆ ಹೇಳಿದಳು. ವೆರ್ಲಿನ್ ಸ್ಟೀರಿಂಗಿನ ಮುಂದೆ ಕೂತು ಕೀಲಿ ತಿರುಗಿಸಿದ.

“ಆಂಟೆನಾ?” ಅಂದ. “ಇಳಿದಿದೆ. ಪೈಪು? ಒಳಗಿದೆ. ಗ್ಯಾಸು? ಬಂದ್. ಮೆಟ್ಟಿಲು? ಮಡಚಿದೆ.”

ಬಲಗಡೆಯ ಕನ್ನಡಿಯನ್ನು ನೋಡಿದ. ಖಾಲಿ ರಸ್ತೆ, ಹಾರುವ ಮರಳು.

“ಆರ್ಡಿತ್?” ಅಂದ.

ಈ ಸಲ ಅವಳ ಪಾಲಿನ ಉತ್ತರವನ್ನು ಅವನು ಹೇಳಲಿಲ್ಲ. ಗಾಡಿ ಆರಿಸಿ ಎದ್ದ. ಒಲೆಯ ಪಕ್ಕ ಹಾದು, ಬಚ್ಚಲ ಪಕ್ಕ ಹಾದು, ಕೊನೆಯವರೆಗೂ ನಡೆದುಹೋಗಿ ಜಾರುಬಾಗಿಲು ಸರಿಸಿದ. ಬರೀ ಹಾಸಿಗೆ ಇತ್ತು. ಬಗ್ಗಿ ನೋಡಿದ. ಯಾರೂ ಉಳಿದಿಲ್ಲ ಅಂತ ಖಾತ್ರಿ ಮಾಡಿಕೊಂಡು ಹಿಂದಿರುಗಿ ಬಂದು ಕೂತ.